ಟವರ್ ಇಲ್ಲದ ಮೈದಾನದಲ್ಲಿ ‘ಇಲ್ಲೇ ಇದ್ದೀನಿ’

ನಮ್ಮ ಕಡೆಯವರಿಗೆ ಇರುವ ಜಾಗವನ್ನು ಇದ್ದ ಹಾಗೆ ಹೇಳುವ ಅಭ್ಯಾಸವಿಲ್ಲ. ಎಲ್ಲಿದ್ದೀಯ ಎಂದರೆ ‘ಇಲ್ಲೇ’. ಯಾವಾಗ ಬರ್ತೀಯ ಎಂದರೆ ‘ಬಂದೆ’. ಚನ್ನರಾಯಪಟ್ಟಣದಲ್ಲಿ ಇನ್ನೂ ಬಸ್ಸಿಗೆ ಕಾಯುತ್ತಿರುವವನು ಹಾಸನದಲ್ಲಿ ಕಾಯುತ್ತಿರುವ ಭಾವನಿಗೆ ‘ಹಾಸನ ಬಂತು’ ಎನ್ನುತ್ತಾನೆ. ಇದನ್ನು ಸುಳ್ಳು ಎನ್ನಬಾರದು. ಕಾಯುವವರ ಮನಸ್ಸು ನೋಯದಿರಲಿ ಎಂಬ ಮರ್ಯಾದೆ. ಈ ಮರ್ಯಾದೆಯಲ್ಲಿ ನಾನು ಯಾರಿಗೂ ಕಮ್ಮಿಯಲ್ಲ. ಪರೀಕ್ಷೆಗೆ ಹೆದರಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ನುಗ್ಗೇಹಳ್ಳಿ ಸುತ್ತಮುತ್ತ ಟ್ರ್ಯಾಕ್ಟರ್ ಕೆಲಸವೆಂದರೆ ಮೊದಲು ಬಾಯಿಗೆ ಬರುವುದು ನಂಜೇಗೌಡನ ಹೆಸರೇ. ನಾನೇ ಹೇಳಿಕೊಳ್ಳುತ್ತಿದ್ದೇನೆ, ನಿಜ. ಬೇರೆಯವರು ಹೇಳುವವರೆಗೂ ಕಾಯುವಷ್ಟು ಪುರುಸೊತ್ತು ನನಗಿಲ್ಲ.

ಹಾಸನದ ಕಡೆ ವಿಮಾನ ಓಡಿಸಲು ಕಲಿಸುವ ಒಂದು ಸಣ್ಣ ಮೈದಾನದಲ್ಲಿ ಹುಲ್ಲು ಹೊಡೆಯುವ ಕೆಲಸ ನನಗೆ ಸಿಕ್ಕಿತು. ರನ್‌ವೇಯ ಎರಡು ಕಡೆಯೂ ಹುಲ್ಲು, ಆದ್ದರಿಂದ ಆಗಾಗ ಅದನ್ನು ದಾಟಬೇಕು. ಮೊದಲ ದಿನವೇ ಕೈಗೊಂದು ವಾಕಿಟಾಕಿ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದರಲ್ಲಿ ಹೆಂಗಸಿನ ದನಿಯೊಂದು ‘ಟ್ರ್ಯಾಕ್ಟರ್ ಎಲ್ಲಿದೆ?’ ಎಂದಿತು. “ಇಲ್ಲೇ ಇವ್ನಿ ಕಣಿ ಮೇಡಂ” ಎಂದೆ, ಬಹಳ ವಿನಯದಿಂದ.

ಕಲಿಸುವ ಕ್ಯಾಪ್ಟನ್ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. “ನೋಡಿ ಗೌಡ್ರೇ, ಇಲ್ಲಿ ಕಂಟ್ರೋಲ್ ಟವರ್ ಇಲ್ಲ. ನೀನು ಇಳಿ, ನೀನು ತಡಿ ಅನ್ನೋರು ಯಾರೂ ಇಲ್ಲ. ಮೇಲಿರೋರು, ಕೆಳಗಿರೋರು, ಎಲ್ಲಾ ಒಂದೇ ರೇಡಿಯೋದಲ್ಲಿ ನಾನು ಯಾರು, ಎಲ್ಲಿದ್ದೀನಿ, ಮುಂದೇನು ಮಾಡ್ತೀನಿ ಅಂತ ಹೇಳ್ತಾ ಇರ್ಬೇಕು. ಕಣ್ಣೂ ಬಿಟ್ಕೊಂಡಿರ್ಬೇಕು. ‘ಇಲ್ಲೇ’ ಅಂದ್ರೆ ಆಕಾಶದಲ್ಲಿರೋರಿಗೆ ಏನು ಗೊತ್ತಾಗತ್ತೆ? ಸೋಮವಾರ ನಿಮಗೊಂದು ಪರೀಕ್ಷೆ, ಹೀಗೆ ಹೇಳ್ಕೊಂಡು ರನ್‌ವೇ ದಾಟೋದು. ಪಾಸಾಗದಿದ್ರೆ ಬೇರೆ ಟ್ರ್ಯಾಕ್ಟರ್ ನೋಡ್ತೀವಿ.”

ಪರೀಕ್ಷೆ! ಶಾಲೆ ಬಿಟ್ಟರೂ ಅದು ನನ್ನನ್ನು ಬಿಡಲಿಲ್ಲ, ಹುಲ್ಲಿನ ಮೈದಾನದವರೆಗೂ ಹುಡುಕಿಕೊಂಡು ಬಂತು.

ಮನೆಯಲ್ಲಿ ಹೇಳಿದರೆ ನನ್ನ ಹೆಂಡತಿ ಜಯಮ್ಮ ನಕ್ಕುಬಿಟ್ಟಳು. “ಅಷ್ಟೇನಾ? ಮದ್ವೆ ಆದಾಗ್ಲಿಂದ ನಾನ್ ಮಾಡ್ತಿರೋದೇ ಅದಲ್ವಾ?” ನಿಜವೇ. ನಮ್ಮ ಅಡಿಗೆಮನೆಯಿಂದ ಹಿತ್ತಲಿಗೆ ಹೋಗುವ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಅವಳು ಗಂಜಿ ಬಸಿಯಲು ಹೊರಟರೆ “ಬಿಸಿ ಪಾತ್ರೆ, ಇತ್ಲಿಗೆ ಬತ್ತಾ ಇವ್ನಿ” ಎಂದು ಕೂಗಿಯೇ ಹೆಜ್ಜೆ ಇಡುವುದು. ಅವಳ ಪಾತ್ರೆಯಿಂದ ಈವರೆಗೆ ಯಾರೂ ಸುಟ್ಟುಕೊಂಡಿಲ್ಲ, ಮಾತಿನಲ್ಲಿ ಸುಟ್ಟಿರುವುದು ಬೇರೆ.

ಅಂದಿನಿಂದ ನನಗೆ ಶಿಕ್ಷಣ ಶುರುವಾಯಿತು. ಹೇಳದೆ ಓಣಿಗೆ ಕಾಲಿಟ್ಟರೆ ಮತ್ತೆ ಹಿಂದಕ್ಕೆ. “ನಂಜೇಗೌಡ, ಬಚ್ಚಲ ಬಾಗ್ಲು, ಅಡಿಗೆಮನೆಗೆ ಬತ್ತಾ ಇವ್ನಿ” ಎಂದು ನಾನು ಕೂಗುವುದನ್ನು ಕೇಳಿ ಜಗಲಿಯಲ್ಲಿದ್ದ ಅವ್ವನಿಗೆ ಗಾಬರಿಯಾಯಿತು. “ಯಾಕ್ಲಾ ನಂಜ, ನಿನ್ನೆಸ್ರು ನೀನೇ ಕೂಕ್ಕೊತೀಯಾ? ಮರ್ತೋಯ್ತದೆ ಅಂತ್ಲಾ?” ಹಾಸಿಗೆಯಲ್ಲೇ ಬಿದ್ದುಕೊಂಡು ‘ಬಂದೆ’ ಎಂದ ದಿನ ಜಯಮ್ಮ ನನ್ನ ಕಾಫಿಯನ್ನು ಅವ್ವನಿಗೇ ಕೊಟ್ಟಳು. “ಬಂದೆ ಅಂದ್ಮ್ಯಾಲೆ ಕಾಣಿಸ್ಬೇಕು ಕಣ್ರೀ.” ಅವ್ವನಿಗೆ ಈ ಪದ್ಧತಿ ಬಹಳ ಹಿಡಿಸಿತು.

ಸೋಮವಾರ ಬಂತು. ಮೇಲೆ ಅರಕಲಗೂಡಿನ ಹುಡುಗಿಯೊಬ್ಬಳು ವಿಮಾನ ಸುತ್ತಿಸುತ್ತಿದ್ದಳು. ನಾನು ಎರಡೂ ಕಡೆ ನೋಡಿ, ಹೇಳಬೇಕಾದ್ದನ್ನೆಲ್ಲ ಹೇಳಿ, ರನ್‌ವೇಗೆ ಇಳಿದೆ. ಸರಿಯಾಗಿ ನಡುಮಧ್ಯದಲ್ಲಿ ನನ್ನ ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

“ಇಳಿಯೋಕೆ ಬರ್ತಾ ಇದ್ದೀನಿ. ಟ್ರ್ಯಾಕ್ಟರ್ ದಾಟ್ತಾ?” ಎಂದಿತು ಹುಡುಗಿಯ ದನಿ.

‘ದಾಟೇಬಿಟ್ಟೆ ಕಣವ್ವ’ ಎಂಬುದು ನಾಲಿಗೆಯ ತುದಿಗೇ ಬಂತು. ನಂಜೇಗೌಡನ ಟ್ರ್ಯಾಕ್ಟರ್ ಹತ್ತು ಜನರ ಮುಂದೆ ಕೆಟ್ಟು ನಿಂತಿತು ಎಂದು ನನ್ನ ಬಾಯಲ್ಲೇ ಹೇಳುವುದೇ? ಇನ್ನೊಂದು ಸಲ ಕೀ ತಿರುಗಿಸಿದರೆ ಹೊರಟೇಬಿಡುತ್ತದಲ್ಲ! ಆದರೆ ಜಯಮ್ಮನ ಬಿಸಿ ಪಾತ್ರೆ ಕಣ್ಣ ಮುಂದೆ ಬಂತು. “ಟ್ರ್ಯಾಕ್ಟರ್. ರನ್‌ವೇ ನಡುಮಧ್ಯ. ಕೆಟ್ಟು ನಿಂತದೆ. ಇಳೀಬ್ಯಾಡ ಕಣವ್ವ!”

“ಗೊತ್ತಾಯ್ತು ಗೌಡ್ರೇ, ಇನ್ನೊಂದು ಸುತ್ತು ಹಾಕ್ತೀನಿ” ಎಂದು ಅವಳು ಮೇಲಕ್ಕೇರಿದಳು. ಬಸ್ಸಿನಲ್ಲಿ ಹೋಗುವ ನೆಂಟರಿಗೆ ಬೀಸುವ ಹಾಗೆ ನಾನು ಟವೆಲ್ಲು ಬೀಸಿದೆ. ಮತ್ತೆ ಕೀ ತಿರುಗಿಸಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. “ದಾಟಾಯ್ತು. ಆಚೆ ಹುಲ್ಲಲ್ಲಿವ್ನಿ. ಈಗ ಇಳ್ಕೊ ನನ್ನವ್ವ” ಎಂದೆ.

ಮೇಡಂ ನಗುತ್ತಾ ಬಂದರು. “ಇಳ್ಕೊ ಅನ್ನೋದು ನಿಮ್ಮ ಕೆಲಸ ಅಲ್ಲ, ಅವಳೇ ನೋಡ್ಕೋತಾಳೆ. ಮಿಕ್ಕಿದ್ದಕ್ಕೆಲ್ಲ ಪಾಸು.”

ನನ್ನ ಜನ್ಮದಲ್ಲಿ ಪಾಸಾದ ದೊಡ್ಡ ಪರೀಕ್ಷೆ. ಆ ಖುಷಿಯಲ್ಲಿ ಊರಿಗೆ ಹೋಗುವಾಗ ಚನ್ನರಾಯಪಟ್ಟಣದ ಹೋಟೆಲಿಗೆ ನುಗ್ಗಿದೆ. ಕರಿದದ್ದು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದು ಪಾಸಾಗದವರಿಗೆ ಎಂದುಕೊಂಡೆ. ಅಷ್ಟರಲ್ಲಿ ಜಯಮ್ಮನ ಫೋನು. “ಎಲ್ಲಿದೀರಿ?”

ಆಯುಷ್ಯವೆಲ್ಲ ಕಾಪಾಡಿದ ‘ಇಲ್ಲೇ’ ಎಂಬ ಮಾತು ಆ ಹೊತ್ತಿಗೆ ಬರಲೇ ಇಲ್ಲ. ಬಾಯಿ ತಾನಾಗಿಯೇ ಹೇಳಿತು: “ನಂಜೇಗೌಡ. ಪಟ್ಣದ ಹೋಟ್ಲು. ಎರಡು ಬೋಂಡ ಆಗದೆ, ಮೂರನೇದಕ್ಕೆ ಕೈ ಹಾಕ್ತಾ ಇವ್ನಿ.”

ಆ ಕಡೆ ಜಯಮ್ಮ ನಕ್ಕ ಸದ್ದು. ಆಮೇಲೆ, “ಅಂಗಾದ್ರೆ ಪಾಸಾಗಿದೀರಿ. ಕೈ ತಗೀರಿ. ಅದ್ನ ಕಟ್ಟಿಸ್ಕೊಂಡು ಬನ್ನಿ, ಕಲಿಸ್ದೋಳಿಗೆ.”

“ಎದ್ದೆ” ಎಂದೆ. ಅಂದುಬಿಟ್ಟಿದ್ದೆನಲ್ಲ, ಏಳಲೇಬೇಕಾಯಿತು.