ಟೋಬಿ ಉಗುಳಲು ಕಲಿತದ್ದು

ಎಲ್ಲದಕ್ಕೂ ಮೂಲ, ಹಿಂದಿನ ದಿನ ವೈನ್ ಉಗುಳಲು ಹೋದ ಟೋಬಿಯ ಗದ್ದದಿಂದ ಅಂಗಿಗೆ ಇಳಿದ ಒಂದು ಕೆಂಪು ಗೆರೆ.

ಬರೋಸಾ ಕಣಿವೆಯ ವೈನರಿಯೊಂದರಲ್ಲಿ ಪೀಪಾಯಿ ತೊಳೆಯುತ್ತಿದ್ದ ಟೋಬಿ ನೊಸ್ಕೆಗೆ ಮುಂಭಾಗದ ಕೌಂಟರ್ ಬೇಕಿತ್ತು. ಬಂದವರಿಗೆ ವೈನ್ ಸುರಿದು, ಅದರ ಗುಣ ಹೇಳುವ ಕೆಲಸ. ಒಡತಿ ವೆರ್ನಾ ಅಂದು ಸಂಜೆಯೇ ಪರೀಕ್ಷೆ ಇಟ್ಟಿದ್ದಳು. ರುಚಿ ನೋಡುವಾಗ ಬಲ್ಲವರು ವೈನನ್ನು ನುಂಗುವುದಿಲ್ಲ. ಬಾಯಲ್ಲಿ ಆಡಿಸಿ ಬಕೆಟ್ಟಿಗೆ ಉಗುಳುತ್ತಾರೆ. ಕೋಟು ತೊಟ್ಟವನು ಉಗುಳಿದರೆ ವಿದ್ಯೆ, ಟೋಬಿಯಂಥವನು ಉಗುಳಿದರೆ ಗಲೀಜು!

ಬೆಳಿಗ್ಗೆ ಹಿತ್ತಲಲ್ಲಿ ಬಕೆಟ್ ಇಟ್ಟು ನೀರಿನಿಂದ ಶುರುಮಾಡಿದ. ಬೇಲಿಯಾಚೆಯಿಂದ ಪಕ್ಕದ ಮನೆಯ ಮುದುಕ ಮರ್ವ್ ಇಣುಕಿದ.

"ಏನೋ ಅದು, ಹಲ್ಲು ಬರೋ ಮಗು ಥರ ಜೊಲ್ಲು ಸುರಿಸ್ತಿದ್ದೀಯ?"

"ಉಗುಳೋದು ಕಲೀತಿದ್ದೀನಿ, ಮರ್ವ್."

"ನೀರಲ್ಲಿ ಬರಲ್ಲ ಮಾರಾಯ, ತಡಿ." ಮರ್ವ್ ತಾನೇ ಮಾಡಿದ ಕೆಂಪು ವೈನಿನ ಜಾಡಿಯನ್ನೇ ಹೊತ್ತು ತಂದ. "ತುಟಿ ಸೀಟಿ ಹೊಡಿಯೋ ಹಾಗೆ ಮಾಡು. ಹೊಟ್ಟೆಯಿಂದ ದಬ್ಬು!"

ಟೋಬಿ ದಬ್ಬಿದ. ಅದೇ ಕ್ಷಣಕ್ಕೆ ಉತ್ತರದ ಬಿಸಿಗಾಳಿ ಬೀಸಿತು. ಕೆಂಪು ಧಾರೆ ಬಕೆಟ್ಟನ್ನು ಬಿಟ್ಟು, ಬೇಲಿ ಹಾರಿ, ಇನ್ನೊಂದು ಪಕ್ಕದ ಮನೆಯ ಗ್ವೆನ್ ಆಂಟಿ ಚರ್ಚಿನ ಊಟಕ್ಕೆಂದು ಒಣಹಾಕಿದ್ದ ಬಿಳಿ ಮೇಜುಬಟ್ಟೆಯ ನಟ್ಟನಡುವೆ ಕೂತಿತು.

ಗ್ವೆನ್ ಪೊರಕೆ ಹಿಡಿದೇ ಬಂದಳು. "ಯಾರ ಕೊಲೆ ಮಾಡಿದ್ರೋ ನನ್ನ ಬಟ್ಟೆ ಮೇಲೆ?"

ಟೋಬಿ ಅಳುಮುಖ ಮಾಡಿ ಕೌಂಟರಿನ ಕತೆ ಹೇಳಿದ. ಗ್ವೆನ್ ಪೊರಕೆ ಕೆಳಗಿಟ್ಟಳು. "ಮೊದಲೇ ಹೇಳಬಾರದೇನೋ? ಈ ಮರ್ವ್‌ಗೆ ಏನು ಗೊತ್ತು, ಇವನು ಒಂದು ಹನಿಯಾದರೂ ಉಗುಳಿದ್ದನ್ನ ನೋಡಿದ್ದೀಯಾ? ನಾಲಿಗೆ ಮಡಚು. ಗಲ್ಲ ಒಳಗೆಳ್ಕೋ. ಹ್ಞೂಂ, ಉಗುಳು!"

ಮಧ್ಯಾಹ್ನದ ಹೊತ್ತಿಗೆ ಗ್ವೆನ್‌ಳ ಕೋಳಿಗಳು ಮದುವೆಗೆ ಹೊರಟಂತೆ ಕೆಂಪಾಗಿದ್ದವು. ಮರ್ವ್‌ನ ಟೋಪಿಯೂ ಕೆಂಪು. ಆದರೆ ಟೋಬಿಯ ಧಾರೆ ಮಾತ್ರ ನೂಲು ಹಿಡಿದಂತೆ ಬಕೆಟ್ಟಿಗೆ ಬೀಳುತ್ತಿತ್ತು. ತನ್ನ ಹಾಳಾದ ಬಟ್ಟೆಯ ಮಾತನ್ನೇ ಎತ್ತದೆ ಗ್ವೆನ್ ಅವನಿಗೊಂದು ಒಗೆದ ಅಂಗಿ ತೊಡಿಸಿ ಕಳಿಸಿದಳು.

ಸಂಜೆ ವೆರ್ನಾ ಮೂರು ಲೋಟ ವೈನ್, ಒಂದು ಬಕೆಟ್ ಇಟ್ಟಳು. ಕೋಟಿನ ಗಿರಾಕಿಗಳು ಕೈಕಟ್ಟಿ ನಿಂತರು. ಟೋಬಿ ಮೊದಲ ಗುಟುಕು ಬಾಯಿಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ಉಗುಳಿದ. ಟಣ್! ಎರಡನೆಯದಕ್ಕೆ ಬಾಗಿಲವರೆಗೆ ಹೋದ. ಟಣ್! ಮೂರನೆಯದನ್ನು ಹೊರಗೆ ನಿಂತು, ಕಿಟಕಿಯಿಂದ ಒಳಕ್ಕೆ ಉಗುಳಿದ. ಒಂದು ಹನಿಯೂ ಚೆಲ್ಲಲಿಲ್ಲ. ಕೋಟಿನವರು ಚಪ್ಪಾಳೆ ತಟ್ಟಿದರು.

"ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ ಕಣೋ," ಎಂದಳು ವೆರ್ನಾ. "ಈಗ ಹೇಳು, ರುಚಿ ಹೇಗಿತ್ತು?"

ಟೋಬಿ ಬಾಯಿ ತೆರೆದ. ರುಚಿ? ಬೆಳಗಿನಿಂದ ಅವನ ಗಮನವೆಲ್ಲ ತುಟಿಯಲ್ಲಿತ್ತು, ಗಲ್ಲದಲ್ಲಿತ್ತು, ಬಕೆಟ್ಟಿನಲ್ಲಿತ್ತು.

"ಒದ್ದೆ... ಒದ್ದೆಯಾಗಿತ್ತು, ವೆರ್ನಾ."

ವೆರ್ನಾ ಲೋಟಗಳನ್ನು ಎತ್ತಿಟ್ಟಳು. "ಕೌಂಟರ್ ನಿನ್ನದೇ," ಎಂದಳು. ಟೋಬಿ ಹಿಗ್ಗಿ ಕುಣಿದ. "ಬಂದವರಿಗೆ ಉಗುಳೋದು ತೋರಿಸು. ಆ ಬಕೆಟ್ ತೊಳಿ. ಸಂಬಳ ಅದೇ. ಮಾತಿಗೆ ಮಾತ್ರ ಬಾಯಿ ತೆಗೀಬೇಡ."

ಪೀಪಾಯಿ ತೊಳೆಯುತ್ತಿದ್ದವನು ಎಂಜಲು ತೊಳೆಯುವವನಾಗಿ ಮನೆಗೆ ಬಂದ. ಹಿತ್ತಲಲ್ಲಿ ಗ್ವೆನ್ ಅದೇ ಕಲೆಯ ಬಟ್ಟೆಯನ್ನು ಮೇಜಿಗೆ ಹಾಸಿದ್ದಳು. ಚರ್ಚಿಗೆ ಬೇರೆ ಬಟ್ಟೆ ಕಳಿಸಿದ್ದಳಂತೆ. ಸಾಸೇಜು, ಉಪ್ಪಿನಲ್ಲಿ ನೆನೆದ ಸೌತೆಕಾಯಿ, ಮರ್ವ್‌ನ ಜಾಡಿಯ ತಳದಲ್ಲುಳಿದ ವೈನ್ ಕಾದಿದ್ದವು. ನಡೆದದ್ದನ್ನು ಕೇಳಿ ಗ್ವೆನ್, ಮರ್ವ್ ಇಬ್ಬರೂ ನಗಲಿಲ್ಲ. ಗ್ವೆನ್ ಲೋಟ ಮುಂದಿಟ್ಟಳು. "ಇದನ್ನಾದರೂ ನುಂಗು, ಮಗಾ."

ಟೋಬಿ ಲೋಟ ಎತ್ತಿಕೊಂಡ. ಇಡೀ ದಿನ ಇವನಿಗಾಗಿ ಮೈಯೆಲ್ಲ ಕೆಂಪು ಮಾಡಿಕೊಂಡವರು ಇವರಿಬ್ಬರೇ ತಾನೆ! ಅವನು ನುಂಗಿದ. ಕಣ್ಣರಳಿಸಿದ.

"ಪ್ಲಮ್ ಹಣ್ಣು! ಮೆಣಸು! ಕೊನೇಲಿ ಹೊಗೆ ಥರ ಏನೋ... ರುಚಿ ನೋಡೋದು ಗೊತ್ತಾಯ್ತು ಆಂಟಿ! ನಾಳೆನೇ ವೆರ್ನಾಗೆ ಹೇಳ್ತೀನಿ!"

"ಹೇಗೋ ಹೇಳ್ತೀಯ?" ಎಂದ ಮರ್ವ್, ಅವನ ಲೋಟ ತುಂಬಿಸುತ್ತ. "ಬಾಯಿ ತೆಗೀಬೇಡ ಅಂದಿದ್ದಾಳಲ್ಲ."