ಕಡ್ಡಿಯ ತುದಿಗೆ ಎರಡು ಸೊನ್ನೆ

ಮರೆವು ನನಗೆ ರೋಗವಲ್ಲ, ಹುಟ್ಟುಗುಣ. ಕೊಡೆಯನ್ನು ಬಸ್ಸಿನಲ್ಲಿ, ಟವೆಲನ್ನು ಕ್ಷೌರದಂಗಡಿಯಲ್ಲಿ, ಒಮ್ಮೆ ಹೆಂಡತಿ ಗಿರಿಜೆಯನ್ನೇ ಮಾಯಸಂದ್ರದ ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದ ಮಹಾನುಭಾವ ನಾನು. ಹಾಗಾಗಿ ಡಿಜಿಟಲ್ ಡೈರಿ ಅನ್ನುವ ಯಂತ್ರ ಪೇಟೆಗೆ ಬಂದಾಗ, ಯಾರೋ ಪುಣ್ಯಾತ್ಮ ನನ್ನನ್ನು ನೋಡಿಯೇ ಮಾಡಿರಬೇಕು ಅನ್ನಿಸಿತು. ಅಂಗೈಯಗಲದ ಡಬ್ಬಿ, ಅವರೆಕಾಳಿನಂಥ ಗುಂಡಿಗಳು. ಮಾಡಬೇಕಾದ ಕೆಲಸ, ಫೋನ್ ನಂಬರು, ತಲೆಗೆ ಹೊಳೆದ ವಿಚಾರ ಎಲ್ಲವನ್ನೂ ಅದರಲ್ಲಿ ಕುಟ್ಟಿಟ್ಟರೆ, ಹೊತ್ತಿಗೆ ಸರಿಯಾಗಿ ಕೀಚ್ ಕೀಚ್ ಅಂತ ಕೂಗಿ ನೆನಪಿಸುತ್ತದೆ. ಕನ್ನಡ ಮಾತ್ರ ಅದಕ್ಕೆ ಬಾರದು. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕು. ಒಂದು ಸಲ ತಿಥಿ ಊಟದ ಪಂಕ್ತಿಯಲ್ಲಿ ಅದು ಕೂಗಿ, ಎಲ್ಲರೂ ಎಲೆ ಬಿಟ್ಟು ನನ್ನನ್ನೇ ನೋಡಿದರು. "ಅದೇನ್ರೀ, ಜೇಬ್ನಾಗೆ ಗುಬ್ಬಿ ಮರಿ ಸಾಕಿದ್ದೀರಾ?" ಅಂದಳು ಗಿರಿಜೆ.

ನಮ್ಮ ಮನೆಯಲ್ಲಿ ಇಂಥ ಕೆಲಸಕ್ಕೆ ಮೊದಲೇ ಒಂದು ಏರ್ಪಾಡು ಇತ್ತು. ಗಂಗತ್ತೆ, ಅಂದರೆ ಅಪ್ಪನ ಅಕ್ಕ, ತಾಯಿಯಿಲ್ಲದ ನನ್ನನ್ನು ಸಾಕಿದವಳು. ಅಕ್ಷರ ಬಾರದು. ಕೊಬ್ಬರಿ ಅಟ್ಟಕ್ಕೆ ಹತ್ತುವ ಏಣಿಯ ಪಕ್ಕದ ಗೋಡೆಯೇ ಅವಳ ಪುಸ್ತಕ, ಒಲೆಯ ಇದ್ದಿಲೇ ಬಳಪ. ಮೂರು ಕಣ್ಣಿನ ಸೊನ್ನೆ ಬರೆದರೆ ಅಟ್ಟಕ್ಕೆ ಕಾಯಿ ಏರಿಸಿದ್ದು ಅಂತ. ಅದರ ಮುಂದೆ ಹುಣ್ಣಿಮೆಗೊಂದು ಚುಕ್ಕಿ. ಹತ್ತು ಹನ್ನೊಂದು ಚುಕ್ಕಿ ಆದ ಮೇಲೆ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿ ಚಿಪ್ಪು ಬಿಟ್ಟ ಗಿಟುಕು ಲೊಟಲೊಟ ಅಂದರೆ "ಕೊಬ್ರಿ ಆತು, ಇಳಿಸ್ಲಾ" ಅನ್ನುವಳು. ಎರಡು ಕೊಂಬು ಬರೆದರೆ ದನದ ಡಾಕ್ಟರನ್ನು ಕರೆಸಬೇಕು. ಕೆಲಸ ಮುಗಿಯಿತೋ, ಅದರ ಮೇಲೊಂದು ಅಡ್ಡಗೀಟು. ಫೋಟೋ ತೆಗೆಸಿದರೆ ಆಯುಸ್ಸು ಕಮ್ಮಿ ಅಂತ ಅವಳು ಒಂದು ಫೋಟೋಗೂ ನಿಲ್ಲಲಿಲ್ಲ. ಸತ್ತ ಮೇಲೆ ನಮಗೆ ಉಳಿದದ್ದು ಆ ಗೋಡೆ ಮಾತ್ರ.

ಅವಳು ಹೋದ ಎರಡು ವರ್ಷಕ್ಕೆ, ಗಿರಿಜೆಯನ್ನು ಊರಿನಲ್ಲಿ ಅತ್ತೆಯ ಜೊತೆ ಬಿಟ್ಟು ಚಿತ್ರದುರ್ಗದ ಕಡೆ ನೌಕರಿಯಲ್ಲಿದ್ದ ನಾನು ತಿಪಟೂರಿಗೆ ವರ್ಗವಾಗಿ ನಮ್ಮೂರು ಬಿಳಿಗೆರೆಯ ಮನೆ ಸೇರಿದೆ. ಯುಗಾದಿ ಬಂತು, ಸುಣ್ಣ ಬಳಿಸಬೇಕು. ಆಗ ನನಗೆ ಆ ಬುದ್ಧಿ ಬಂತು ನೋಡಿ! ಎರಡು ಭಾನುವಾರ ಏಣಿಯ ಮೇಲೆ ನಿಂತು ಗೋಡೆಯ ಗುರುತುಗಳನ್ನೆಲ್ಲ ಮಾತಾಗಿಸಿ ಡೈರಿಗೆ ಇಳಿಸಿದೆ. ಒಂದು ಗುರುತು ಮಾತ್ರ ಬಗೆಹರಿಯಲಿಲ್ಲ. ನೆಟ್ಟಗೆ ಒಂದು ಕಡ್ಡಿ, ಅದರ ತುದಿಗೆ ಜೋಡಿ ಸೊನ್ನೆ. ಗೋಡೆಯ ತುಂಬಾ ಅದೇ, ಎಲ್ಲಕ್ಕೂ ಅಡ್ಡಗೀಟು ಬಿದ್ದಿತ್ತು. ಏಣಿಯ ಬುಡದ ಕೊನೆಯದಕ್ಕೆ ಮಾತ್ರ ಬಿದ್ದಿರಲಿಲ್ಲ. ಜೋಡಿ ಕಾಯಿ ಇರಬೇಕು ಅಂದುಕೊಂಡು, ಅದರ ಹೆಸರಿಗೆ 'ಬೇಡದ್ದು' ಅಂತ ಒಂದೇ ಮಾತು ಕುಟ್ಟಿ ಮುಗಿಸಿದೆ.

"ಆ ಗೋಡೆ ಒಂದು ಹಂಗೇ ಇರ್ಲಿ ಬುಡ್ರೀ" ಅಂದಳು ಗಿರಿಜೆ.

"ಅತ್ತೆ ಪೂರ್ತಿ ಇದರೊಳಗೇ ಅವ್ಳೆ ಕಣೇ" ಅಂತ ಜೇಬು ತಟ್ಟಿದೆ. ಗೋಡೆ ಹಾಲಿನಂತೆ ಬೆಳ್ಳಗಾಯಿತು.

ಶ್ರಾವಣದ ಹೊತ್ತಿಗೆ ಡೈರಿಯ ಅಕ್ಷರಗಳು ಮಂಕಾದವು. ಹೊಸ ಸೆಲ್ಲು ತಂದು, ಹಳೆಯ ಎರಡನ್ನೂ ಒಟ್ಟಿಗೇ ಕಿತ್ತು, ಹೊಸವನ್ನು ಕೂರಿಸಿದೆ. ಗಾಜು ಖಾಲಿ, ಬರೆದದ್ದೆಲ್ಲ ಮಾಯ! ಅಂಗಡಿಯವನು "ಒಂದೊಂದಾಗಿ ಬದಲಾಯಿಸ್ಬೇಕು ಅಂತ ಪುಸ್ತಕದಾಗೆ ಬರೆದೈತಲ್ಲ ಸಾರ್" ಅಂದ. ಆ ಪುಸ್ತಕ ಎಲ್ಲಿಟ್ಟಿದ್ದೇನೆ ಅನ್ನುವುದನ್ನೂ ನಾನು ಡೈರಿಯಲ್ಲೇ ಬರೆದಿಟ್ಟಿದ್ದೆ.

ಮನೆಗೆ ಬಂದು ಬಿಳಿ ಗೋಡೆಯ ಎದುರು ಕೂತೆ. ಅತ್ತೆ ಬೇಕು ಅನ್ನಿಸಿತು, ಅಷ್ಟೇ. ಈ ವಯಸ್ಸಿನಲ್ಲಿ ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಹಳೆಯ ಲಗ್ನಪತ್ರಿಕೆಯ ಹಿಂದೆ ನೆನಪಿದ್ದಷ್ಟು ಗುರುತುಗಳನ್ನು ಬರೆಯತೊಡಗಿದೆ. ಗಿರಿಜೆ ಬಗ್ಗಿ ನೋಡಿದಳು.

"ಎಲ್ಲಾ ಬರೆದ್ರಿ, ನಿಮ್ಮನ್ನೇ ಬಿಟ್ರಲ್ಲ?"

"ನನ್ನನ್ನಾ?"

"ಅಯ್ಯೋ, ಗೊತ್ತಿಲ್ವೇನ್ರೀ? ಕಡ್ಡಿ, ಮೇಲೆ ಎರಡು ಸೊನ್ನೆ. ಕಡ್ಡಿಯಂಗಿರೋ ಆಳು, ಮೂಗಿನ ಮೇಲೆ ಕನ್ನಡಕ, ಇನ್ಯಾರು? ಶನಿವಾರ ಬತ್ತೀನಿ ಅಂತ ನೀವು ಹೇಳಿ ಕಳಿಸಿದಾಗೆಲ್ಲ ಅತ್ತೆಮ್ಮ ಬೆಳಿಗ್ಗೆನೇ ಬರೆಯೋರು. ನೀವು ಬಂದು ಕಾಲು ತೊಳೆದ್ರೆ ಗೀಟು ಎಳೆಯೋರು. ನಿಮಗೆ ಗೊತ್ತೇ ಇರ್ತದೆ ಅಂದ್ಕೊಂಡಿದ್ದೆ."

ಗೀಟು ಬೀಳದ ಆ ಕೊನೆಯದು ಯಾವ ಶನಿವಾರದ್ದು ಅಂತ ನನಗೆ ಆಗ ಹೊಳೆಯಿತು. ಬತ್ತೀನಿ ಅಂತ ಹೇಳಿ ಕಳಿಸಿ, ಅದನ್ನು ಮರೆತು, ಆಫೀಸಿನವರೊಬ್ಬರ ಗೃಹಪ್ರವೇಶದಲ್ಲಿ ಚಿರೋಟಿ ತಿನ್ನುತ್ತಾ ಕೂತಿದ್ದ ಶನಿವಾರ ಅದು. ಮಂಗಳವಾರ ಬಂದೆ. ಅಷ್ಟು ಹೊತ್ತಿಗೆ ಅತ್ತೆಯನ್ನು ಜಗುಲಿಗೆ ತಂದು ಕೂರಿಸಿ ಹೂವು ಹಾಕಿದ್ದರು.

ಗಿರಿಜೆ ಒಲೆಯಿಂದ ಒಂದು ಇದ್ದಿಲು ತಂದುಕೊಟ್ಟಳು. ಏಣಿಯ ಬುಡದಲ್ಲಿ, ಅದೇ ಜಾಗದಲ್ಲಿ, ಒಂದು ಕಡ್ಡಿ ಎಳೆದು ಎರಡು ಸೊನ್ನೆ ಸುತ್ತಿದೆ. ಸೊಟ್ಟಗೆ ಬಂತು.

"ಗೀಟು ಎಳೀರಿ, ಬಂದಿದ್ದೀರಲ್ಲ" ಅಂದಳು.

"ಅದು ಅತ್ತೆ ಎಳೀಬೇಕಾದ್ದು ಕಣೇ" ಅಂದೆ.

ಆಮೇಲೆ ಎಷ್ಟೋ ಯುಗಾದಿ ಆಯಿತು. ಸುಣ್ಣ ಬಳಿಯುವವರಿಗೆ ಅಷ್ಟು ಜಾಗ ಬಿಡಲು ಹೇಳುತ್ತೇನೆ. "ಇದೇನ್ ಸಾಮಿ ಇದು?" ಅಂತ ಅವರು ಕೇಳಿದಾಗ, "ಬಾಕಿ ಉಳಿದ ಕೆಲಸ ಕಣಪ್ಪ" ಅಂದು, ಎಲ್ಲಿಟ್ಟೆನೋ ಮರೆತ ಕನ್ನಡಕವನ್ನು ಹುಡುಕಿಕೊಂಡು ಒಳಗೆ ಹೋಗುತ್ತೇನೆ.