ಹಲ್ಲಿಯಲ್ಲ ಅಂದರೆ ಹಲ್ಲಿಯಲ್ಲ!

ನಮ್ಮೂರು ಸಾದಲಿಯ ಹಲ್ಲಿಗಳು ಮರಿಗಳನ್ನು ಹೆದರಿಸಲು ಗುಮ್ಮನನ್ನು ಕರೆಯುವುದಿಲ್ಲ, ನಮ್ಮ ಅತ್ತಿಗೆಯನ್ನು ಕರೆಯುತ್ತವೆ. ಉತ್ಪ್ರೇಕ್ಷೆ ಅನ್ನುತ್ತೀರಾ? ಅವಳು ಪೊರಕೆ ಹಿಡಿದು ನಿಂತದ್ದನ್ನು ನೀವು ನೋಡಿಲ್ಲ, ಅಷ್ಟೇ! ಅವಳು ನನ್ನ ದೊಡ್ಡಣ್ಣನ ಹೆಂಡತಿ. ನಾನು ಲಂಗ ಹಾಕಿಕೊಂಡು ಓಡಾಡುವಾಗ ನಮ್ಮ ಮನೆಗೆ ಬಂದಳು. ನನ್ನ ತಲೆ ಬಾಚಿ, ಬೈದು ಬೆಳೆಸಿದವಳು. ನಾನು ಬಿ.ಎಸ್‌ಸಿ. ಓದಲೇಬೇಕು ಅಂತ ಅಣ್ಣನ ಜೊತೆ ಜಗಳಕ್ಕೆ ನಿಂತವಳೂ ಅವಳೇ. ತಾನು ಮಾತ್ರ ಶಾಲೆಯ ಹೊಸ್ತಿಲು ತುಳಿದವಳಲ್ಲ.

ಹಲ್ಲಿಯ ಮೇಲೆ ಅಷ್ಟು ಹಗೆ ಯಾಕೆ ಅಂತೀರಾ? ನಮ್ಮದು ರೇಷ್ಮೆಹುಳು ಸಾಕುವ ಮನೆ. ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ ಹುಳುಗಳನ್ನು ಹಲ್ಲಿ ಬಂದು ಗುಳುಂ ಮಾಡಿದರೆ ಯಾರು ಸುಮ್ಮನಿರುತ್ತಾರೆ? ಆದರೆ ನಮ್ಮಮ್ಮನಿಗೆ ಹಲ್ಲಿ ಕೊಲ್ಲುವುದು ಮಹಾಪಾಪ.

"ಪಿಚ್ಚಿದಾನಾ! ಹುಚ್ಚೀ! ಲೊಚಗುಟ್ಟಿ ಶಕುನ ಹೇಳೋ ಪ್ರಾಣಿನ ಹೊಡೀತಾರೇನೆ?" ಎಂದು ಅಮ್ಮ ಅರ್ಧ ತೆಲುಗಿನಲ್ಲಿ ಬೈಯುತ್ತಿದ್ದಳು.

"ನಮ್ಮನೇಲಿ ಲೊಚಗುಟ್ಟಿದ್ರೆ ಶಕುನ ಸರಿಯಿಲ್ದೇ ಇರೋದು ಆ ಹಲ್ಲಿಗೇ, ಅತ್ತೆ!" ಅನ್ನುತ್ತಿದ್ದಳು ಅತ್ತಿಗೆ.

ಹೊಡೆದು ಬಿಸಾಡಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಸತ್ತದ್ದನ್ನು ದೂರದ ಬದುವಿನ ಇರುವೆಗೂಡಿನ ಹತ್ತಿರ ಇಟ್ಟು, ಇರುವೆಗಳು ಚೊಕ್ಕಟವಾಗಿ ತಿಂದು ಮುಗಿಸಿದ ಮೇಲೆ ಬುರುಡೆಯನ್ನು ತಂದು ದಾರಕ್ಕೆ ಪೋಣಿಸಿ ಹುಳುಮನೆಯ ಬಾಗಿಲಿಗೆ ಕಟ್ಟುತ್ತಿದ್ದಳು! ಹಲ್ಲಿ, ಓತಿಕ್ಯಾತ, ನಡುವೆ ಬೇಲಿಯಲ್ಲಿ ಸತ್ತು ಸಿಕ್ಕಿದ ಒಂದು ಉಡದ್ದೂ ಇತ್ತು. "ಬರೋವು ನೋಡ್ಲಿ, ಬುದ್ಧಿ ಬರ್ಲಿ" ಅಂತ ಅವಳ ವಾದ. ಹಲ್ಲಿಗಳಿಗೆ ಬುದ್ಧಿ ಬಂತೋ ಇಲ್ಲವೋ, ನೆಂಟರು ಬರುವುದಂತೂ ಕಡಿಮೆಯಾಯಿತು.

ಅರವತ್ತರ ದಶಕದ ಆರಂಭ ಇರಬೇಕು. ನನ್ನ ಚಿಕ್ಕಣ್ಣ ಗೋದಾವರಿ ದಡದಲ್ಲಿ ಕಲ್ಲು ಪರೀಕ್ಷೆ ಮಾಡುವವರ ಹತ್ತಿರ ಜೀಪು ಓಡಿಸುತ್ತಿದ್ದ. ಅವರಿಗೆ ಬೇಡವಾಗಿದ್ದ ಒಂದು ಕೆಂಪು ಕಲ್ಲನ್ನು ಪಂಚೆಯಲ್ಲಿ ಸುತ್ತಿಕೊಂಡು ಗೌರಿಬಿದನೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಮನೆಗೆ ತಂದ. ಹಂದಿಯ ತಲೆಯಷ್ಟು ದಪ್ಪ. ಒಂದು ಮಗ್ಗುಲಲ್ಲಿ ಕಣ್ಣಿನ ಗುಳಿ, ಮುಂದೆ ಗಿಳಿಯಂಥ ಕೊಕ್ಕು, ಹಿಂದೆ ಸಾಲುಸಾಲು ಹಲ್ಲು. ಯಾವ ಕಾಲದಲ್ಲೋ ಸತ್ತು ಕಲ್ಲಾದ ಜೀವ!

ಅಮ್ಮ ಕೂರ್ಮಾವತಾರ ಅಂತ ಕುಂಕುಮ ಹಚ್ಚಿದಳು. ದೊಡ್ಡಣ್ಣ ಕೊಟ್ಟಿಗೆಯ ಬಾಗಿಲು ಮುಚ್ಚದಂತೆ ಅದನ್ನು ಒತ್ತು ಇಟ್ಟ. ಅತ್ತಿಗೆ ಕಲ್ಲನ್ನು ಅಲ್ಲಿಂದ ಎತ್ತಿ, ಕುಂಕುಮ ತೊಳೆದು, ಮೂರು ದಿನ ಅದನ್ನು ಮಗ್ಗುಲು ಮಗ್ಗುಲಾಗಿ ತಿರುಗಿಸಿ ನೋಡಿದಳು. ಆ ಮೂರು ದಿನ ನಮಗೆ ಸಿಕ್ಕಿದ್ದು ಸೀದ ಸಾರು.

ನಾನಾಗ ಚಿಂತಾಮಣಿಯ ಒಂದು ಹೈಸ್ಕೂಲಿನಲ್ಲಿ ಟೀಚರು, ಮನೆಯಿಂದಲೇ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನಗೆ ಪ್ರಾಣಿಶಾಸ್ತ್ರ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಚಿಕ್ಕಬಳ್ಳಾಪುರದಲ್ಲಿದ್ದರು. ಜಂಬದಿಂದ ಅವರನ್ನು ಮನೆಗೆ ಕರೆತಂದೆ. ಅವರು ಕನ್ನಡಕ ಏರಿಸಿದರು, ಇಳಿಸಿದರು, ಕಾಫಿ ಕುಡಿದರು. "ಹಲ್ಲಿಯ ವಂಶ. ಪುರಾತನ ಹಲ್ಲಿ. ಬೆಂಗಳೂರಿಗೆ ಕಳಿಸೋಣ" ಎಂದು ಚೀಟಿ ಬರೆದು ಅಂಟಿಸಿಯೂ ಬಿಟ್ಟರು.

ಅತ್ತಿಗೆ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ಆ ಚೀಟಿಯನ್ನು ಕಿತ್ತಳು!

"ಸ್ವಾಮಿ, ನೀವು ಹಲ್ಲಿ ದವಡೆ ನೋಡಿದೀರಾ?"

"ಪುಸ್ತಕದಲ್ಲಿ ನೋಡಿದ್ದೇನಮ್ಮ."

"ನಾನು ನಮ್ಮನೆ ಬಾಗಿಲಲ್ಲಿ ನೋಡಿದೀನಿ."

ಹೋಗಿ ಉಡದ ಬುರುಡೆ ತಂದು ಕಲ್ಲಿನ ಪಕ್ಕ ಇಟ್ಟಳು. "ನೋಡಿ, ಹಲ್ಲಿ ಮನೆತನದೋರಿಗೆ ಹಲ್ಲು ದವಡೆ ಅಂಚಿಗೆ ಅಂಟ್ಕೊಂಡಿರ್ತವೆ. ಇದಕ್ಕೆ ಮೂಳೆ ಒಳಗೇ ಹೂತಿದಾವೆ, ಅದೂ ಎಷ್ಟು ಸಾಲು! ಕೆಳದವಡೆ ಮೇಲ್ದವಡೆ ಸಂದೀಲಿ ಕೂರತ್ತೆ, ಅಡಕತ್ತರಿ ಕೂತಂಗೆ. ಇನ್ನು ಕಣ್ಣಿನ ಹಿಂದಕ್ಕೆ ಬನ್ನಿ. ಇದಕ್ಕೆ ಕಿಟಕಿ ಥರ ಎರಡು ತೂತು, ಎರಡಕ್ಕೂ ಸುತ್ತ ಮೂಳೆ ಚೌಕಟ್ಟು. ಉಡದ ಕೆಳಗಿನ ಕಿಟಕಿಗೆ ತಳದ ಪಟ್ಟೀನೇ ಇಲ್ಲ. ನಾನು ಒಂದಲ್ಲ ಎರಡಲ್ಲ, ಬಾಗಿಲ ತುಂಬ ನೋಡಿದೀನಿ. ಇದು ಹಲ್ಲಿ ಅಲ್ಲ!"

ಮೇಷ್ಟ್ರು ನಕ್ಕು ನನ್ನ ಕಡೆ ತಿರುಗಿದರು. "ನೀನು ಓದಿದವಳು. ನೀನೇನು ಹೇಳ್ತೀಯಮ್ಮ?"

ನಾನು ಕಲ್ಲನ್ನೂ ನೋಡಲಿಲ್ಲ, ಬುರುಡೆಯನ್ನೂ ನೋಡಲಿಲ್ಲ. ನೆಲ ನೋಡಿಕೊಂಡು, "ನೀವು ಹೇಳಿದ್ದೇ ಸರಿ ಸಾರ್" ಅಂದೆ. ಈಗಲೂ ಆ ಮಾತು ನೆನೆದರೆ ನಾಚಿಕೆಯಾಗುತ್ತದೆ.

ಅತ್ತಿಗೆ ನನ್ನ ಕಡೆ ಒಂದು ಸಲ ನೋಡಿ, ಮೇಷ್ಟ್ರಿಗೆ ಹೇಳಿದಳು: "ಯಾವ ಜಾತಿ ಅಂತ ಗೊತ್ತಿಲ್ದಿದ್ರೆ ಗೊತ್ತಿಲ್ಲ ಅಂತ ಬರೀರಿ. ಸತ್ತೋದ ಜೀವ, ನಾನು ಇಂಥವಳು ಅಂತ ಬಾಯಿಬಿಟ್ಟು ಹೇಳ್ಕೊಳಕ್ಕಾಗಲ್ಲ. ಅದಕ್ಕೇ ಯಾರ್ದೋ ಮನೆಗೆ ಸೇರಿಸ್ಬಿಡೋದಾ? ಹಲ್ಲಿ ಅಂತ ಬರ್ಯೋದಾದ್ರೆ ಕಲ್ಲು ಈ ಹೊಸ್ತಿಲು ದಾಟಲ್ಲ."

ಮೇಷ್ಟ್ರು ಕೊಡೆ ಎತ್ತಿಕೊಂಡು ಹೊರಟರು. ದೊಡ್ಡಣ್ಣ ಕೂಗಾಡಿದ: "ದೊಡ್ಡೋರ ಮುಂದೆ ಮಾನ ಕಳೆದ್ಯಲ್ಲೇ! ಕಲ್ಲಿಗೋಸ್ಕರ ಯಾರಾದ್ರೂ ಜಗಳ ಆಡ್ತಾರೇನೆ?" ಅವಳು, "ಕಲ್ಲು ಜಗಳ ಆಡಲ್ವಲ್ಲ, ಅದಕ್ಕೇ ನಾನು ಆಡ್ದೆ" ಎಂದು ಹಿಪ್ಪುನೇರಳೆ ಸೊಪ್ಪು ಹೆಚ್ಚಲು ಕೂತಳು. ನನ್ನ ಜೊತೆ ಮಾತೇ ಇಲ್ಲ. ನನ್ನ ಕಾಫಿ ಲೋಟವನ್ನು ಮಾತ್ರ ದಿನಕ್ಕೆರಡು ಸಲ ನೆಲಕ್ಕೆ ಕುಕ್ಕುತ್ತಿದ್ದಳು.

ನಾಲ್ಕನೆಯ ದಿನ, ಭಾನುವಾರ, ಬಾಗಿಲ ಬುರುಡೆಗಳನ್ನೆಲ್ಲ ಬಿಚ್ಚಿಕೊಂಡು ಅಂಗಳದ ಬಿಸಿಲಿನಲ್ಲಿ ಕೂತೆ. ಭೂತಗನ್ನಡಿ ಹಿಡಿದು ಒಂದೊಂದೇ ನೋಡಿದೆ. ಹಲ್ಲಿ, ಓತಿಕ್ಯಾತ, ಉಡ, ಒಂದಕ್ಕಾದರೂ ಆ ಕೆಳಗಿನ ಪಟ್ಟಿ ಇರಬೇಕಲ್ಲ? ಊಹ್ಞೂಂ! ಕಲ್ಲಿನಲ್ಲಿ ಮಾತ್ರ ಅದು ನನ್ನ ಕಿರುಬೆರಳಷ್ಟು ದಪ್ಪಗೆ ಎದ್ದು ಕಾಣುತ್ತಿತ್ತು. ಎಷ್ಟೋ ವರ್ಷಗಳ ಮೇಲೆ ಒಂದು ಪುಸ್ತಕದಲ್ಲಿ ಅದೇ ಗಿಳಿಮೂತಿಯ ಚಿತ್ರ ನೋಡಿದೆ. ರಿಂಕೋಸಾರ್ ಅಂತೆ ಹೆಸರು. ಹಲ್ಲಿಗಿಂತ ಮೊಸಳೆಯ ಕಡೆಯವರಿಗೇ ಹತ್ತಿರವಂತೆ. ಓದಿದವರು ಇಷ್ಟು ದಿನಕ್ಕೆ ಮುಟ್ಟಿದ ಕಡೆಗೆ ನಮ್ಮ ಅತ್ತಿಗೆ ಮೂರು ದಿನದ ಸೀದ ಸಾರಿನಲ್ಲಿ ಮುಟ್ಟಿದ್ದಳು. ಯಾರಿಗಾದರೂ ಅನುಮಾನವಿದ್ದರೆ ನನ್ನ ಜೊತೆ ಜಗಳಕ್ಕೆ ಬರಲಿ!

ಆ ಭಾನುವಾರ ಅಂಗಳದಿಂದ ಎದ್ದು ನೇರ ಒಳಗೆ ಹೋಗಿ, "ತಪ್ಪಾಯ್ತು ಅತ್ತಿಗೆ, ಅದು ಹಲ್ಲಿಯಲ್ಲ" ಅಂದೆ.

"ನನಗೆ ಗೊತ್ತಿತ್ತಲ್ಲ" ಅಂದಳು. "ನಿನಗೆ ಗೊತ್ತಾಗ್ಬೇಕಿತ್ತು."

ಕಲ್ಲು ನಮ್ಮ ಹೈಸ್ಕೂಲಿನ ಗಾಜಿನ ಬೀರುವಿಗೆ ಹೋಗಲು ಅವಳು ಒಪ್ಪಿದಳು. ಆದರೆ ಚೀಟಿ ತನ್ನೆದುರಿಗೇ ಬರೆಯಬೇಕು! ಒಳ್ಳೆಯ ಸೀರೆ ಉಟ್ಟು, ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ, ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡೇ ಚಿಂತಾಮಣಿಗೆ ಬಂದಳು. ನಾನು ದುಂಡಗೆ ಬರೆದು ಓದಿ ಹೇಳಿದೆ: "ಇದು ಹಲ್ಲಿಯಲ್ಲ. ಯಾವ ಜಾತಿಯೋ ಇನ್ನೂ ತಿಳಿದಿಲ್ಲ. ಪರೀಕ್ಷಿಸಿ ಹೇಳಿದವರು..." ಎಂದು ಅವಳ ಹೆಸರನ್ನೂ ಓದಿದೆ.

ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಅವಳು ಸೆರಗಿನ ತುದಿ ಹಿಂಡುತ್ತಾ ನಿಂತಳು.

"ಅದಲ್ಲ ಕಣಮ್ಮ ನನ್ನ ಹೆಸರು."

"ಮತ್ತೆ?"

"ನಮ್ಮಪ್ಪ ಇಟ್ಟಿದ್ದು ನಿಮ್ಮಮ್ಮನ ಹೆಸರೇ. ಅತ್ತೆ ಹೆಸರು ಹಿಡಿದು ಸೊಸೇನ ಕೂಗೋದು ಹೆಂಗೆ ಅಂತ ಮದುವೆ ದಿನಾನೇ ಬದಲಾಯಿಸಿದ್ರು. ಆಮೇಲೆ ಆ ಹೆಸರಲ್ಲಿ ಯಾರೂ ಕರೀಲಿಲ್ಲ."

ಅಷ್ಟು ವರ್ಷ ಅವಳ ಕೈತುತ್ತು ತಿಂದವಳು ನಾನು, ಒಂದು ದಿನವೂ ಕೇಳಿರಲಿಲ್ಲ. ನನಗೆ ಅಳು ಬಂತು. ಹೊಸ ಚೀಟಿ ತೆಗೆದುಕೊಂಡು, ಅವಳಪ್ಪ ಇಟ್ಟ ಹೆಸರನ್ನು ಬರೆದು, ಗಟ್ಟಿಯಾಗಿ ಓದಿದೆ.

"ಇನ್ನೊಂದ್ಸಲ ಓದಮ್ಮ" ಅಂದಳು.